ತಿಪ್ಪೆಯಲ್ಲಿ ಹುಡುಕಿದ ನ್ಯಾಯ

ಕೆನಡಾ ದೇಶದ ಮ್ಯಾನಿಟೋಬಾ ಪ್ರಾಂತದಲ್ಲಿ, ವಿನಿಪೆಗ್ ನಗರದ ಉತ್ತರಕ್ಕೆ, ಪ್ರೇರಿ ಗ್ರೀನ್ ಎಂಬ ಹೆಸರಿನ ಕಸದ ಮೈದಾನವೊಂದಿದೆ. ಊರಿನ ಎಂಜಲೂ, ಮುರುಕು ಸಾಮಾನೂ, ಸತ್ತ ದನಗಳ ಅವಶೇಷಗಳೂ ಲಾರಿಗಳಲ್ಲಿ ಬಂದು ಅಲ್ಲಿ ಬೀಳುತ್ತವೆ. ಮೇಲೆ ಮಣ್ಣು ಹಾಕಿ ಯಂತ್ರಗಳಿಂದ ತುಳಿಸುತ್ತಾರೆ. ಸನ್ 2022ರ ಮೇ ತಿಂಗಳಲ್ಲಿ ಈ ಕಸದೊಡನೆ ಇಬ್ಬರು ಮೂಲನಿವಾಸಿ ಸ್ತ್ರೀಯರ ಶವಗಳೂ ಅಲ್ಲಿಗೆ ಹೋದವು. ಅದೇ ಬೇಸಿಗೆಯಲ್ಲಿ ಪೋಲೀಸರಿಗೆ ಇದರ ಸುಳಿವು ಹತ್ತಿತ್ತು. ಹುಡುಕುವದು ಆಗದ ಕೆಲಸವೆಂದು ನಿರ್ಣಯಿಸಿ ಅವರು ಸುಮ್ಮನಾದರು. ಡಿಸೆಂಬರದಲ್ಲಿ ಸಂಗತಿಯು ಬಹಿರಂಗವಾದಾಗ, ಹತಳಾದ ಒಬ್ಬ ತಾಯಿಯ ಹೆಣ್ಣುಮಕ್ಕಳು ರಾಜಧಾನಿಯಾದ ಒಟ್ಟಾವಾ ನಗರಕ್ಕೆ ಹೋಗಿ, ಪಾರ್ಲಿಮೆಂಟಿನಲ್ಲಿ ಪತ್ರಕರ್ತರೆದುರು ನಿಂತು, ನಮ್ಮ ತಾಯಿಯನ್ನು ಕಸದೊಳಗಿಂದ ತೆಗೆದುಕೊಡಿರೆಂದು ಬೇಡಬೇಕಾಯಿತು.

ಹುಡುಕದಿರುವದಕ್ಕೆ ಕಾರಣಗಳೇ ಇದ್ದಿಲ್ಲವೆಂದು ನಾವು ಹೇಳುವದಿಲ್ಲ. ಶವಗಳು ಬಿದ್ದ ತರುವಾಯ ಸಾವಿರಾರು ಲಾರಿಗಳಷ್ಟು ಕಸವು ಮೇಲೆ ಬಿದ್ದಿತ್ತು. ಕಲ್ನಾರಿನ ಅಪಾಯವೂ ಇತ್ತು. ಪರಿಶೀಲನೆಗೆಂದು ನೇಮಿಸಿದ ಸಮಿತಿಯು 2023ರಲ್ಲಿ ವರದಿ ಕೊಟ್ಟು, ಕೆಲಸವು ಸಾಧ್ಯವಿದೆ, ಆದರೆ ಒಂದರಿಂದ ಮೂರು ವರ್ಷ ಹಿಡಿಯಬಹುದು, 8 ಕೋಟಿ 40 ಲಕ್ಷದಿಂದ 18 ಕೋಟಿ 40 ಲಕ್ಷ ಡಾಲರುಗಳವರೆಗೆ ವೆಚ್ಚವಾಗಬಹುದು ಎಂದಿತು. ಆ ವರ್ಷದ ಜುಲೈದಲ್ಲಿ ಪ್ರಾಂತದ ಅಂದಿನ ಮುಖ್ಯಮಂತ್ರಿ ಹೆದರ್ ಸ್ಟೆಫನ್ಸನ್ ಅವರು ಕೆಲಸಗಾರರ ಸುರಕ್ಷಿತತೆಯನ್ನು ಮುಂದಿಟ್ಟು ನಿರಾಕರಿಸಿದರು. ಇಲ್ಲಿಯವರೆಗಿನದನ್ನು ಬೇಕಾದರೆ ಮತಭೇದವೆನ್ನಬಹುದು. ಆದರೆ ಅಕ್ಟೋಬರದ ಚುನಾವಣೆಯಲ್ಲಿ ಅವರ ಪಕ್ಷವು ಇದೇ ನಿರಾಕರಣೆಯನ್ನು ಜಾಹೀರಾತಿನ ಫಲಕವನ್ನಾಗಿ ಮಾಡಿ ಬೀದಿಯಲ್ಲಿ ನಿಲ್ಲಿಸಿ ಮತ ಕೇಳಿತು! ಹೆಣವನ್ನು ಹುಡುಕುವದಿಲ್ಲವೆಂಬ ವಾಗ್ದಾನದ ಮೇಲೆ ಜನರ ಮತ ಬೇಡಿದ ಪಕ್ಷವನ್ನು ನಾವು ಬೇರೆಲ್ಲಿಯೂ ಕಂಡಿಲ್ಲ. ಇನ್ನೂ ಒಂದು ಮಾತು. ಅದೇ ಕೊಲೆಗಡುಕನಿಗೆ ಬಲಿಯಾದ ಮತ್ತೊಬ್ಬ ಸ್ತ್ರೀಯ ದೇಹದ ಭಾಗಗಳನ್ನು ಅದೇ ನಗರದ ಬ್ರೇಡಿ ರೋಡ್ ಎಂಬ ಇನ್ನೊಂದು ತಿಪ್ಪೆಯಲ್ಲಿ ಪೋಲೀಸರು 2022ರ ಜೂನದಲ್ಲಿ ಹುಡುಕಿ ತೆಗೆದಿದ್ದರು. ಆದುದರಿಂದ ತಿಪ್ಪೆಯಲ್ಲಿ ಹುಡುಕುವದು ಮನುಷ್ಯಪ್ರಯತ್ನಕ್ಕೆ ಮೀರಿದ್ದೆಂಬ ವಾದವು ಹುಟ್ಟುವಾಗಲೇ ಕುಂಟಿತ್ತು.

ಆ ಚುನಾವಣೆಯಲ್ಲಿ ನಿರಾಕರಿಸಿದವರು ಸೋತರು. ವಾಬ್ ಕಿನ್ಯೂ ಎಂಬವರು ಮುಖ್ಯಮಂತ್ರಿಯಾದರು. ಕೆನಡಾದ ಯಾವದೇ ಪ್ರಾಂತಕ್ಕೆ ಫಸ್ಟ್ ನೇಶನ್ಸ್ ಜನಾಂಗದವರೊಬ್ಬರು ಮುಖ್ಯಮಂತ್ರಿಯಾದುದು ಇದೇ ಮೊದಲು. 2024ರ ಮಾರ್ಚದಲ್ಲಿ ಕೇಂದ್ರ ಸರಕಾರವೂ ಪ್ರಾಂತ ಸರಕಾರವೂ ತಲಾ 2 ಕೋಟಿ ಡಾಲರು ಕೊಡಲೊಪ್ಪಿದವು. ಜುಲೈದಲ್ಲಿ ಕೊಲೆಗಡುಕನ ಮೇಲೆ ನಾಲ್ಕು ಕೊಲೆಗಳ ಅಪರಾಧವು ಸಿದ್ಧವಾಯಿತು. ತನಗೆ ಚಿತ್ತಭ್ರಮೆಯಿತ್ತೆಂಬ ಅವನ ಪ್ರತಿವಾದವನ್ನು ನ್ಯಾಯಾಧೀಶರು ತಳ್ಳಿಹಾಕಿದರು. ಡಿಸೆಂಬರದ ಕಡುಚಳಿಯಲ್ಲಿ ಅಗೆತವು ಪ್ರಾರಂಭವಾಯಿತು. ಮೂರು ವರ್ಷ ಬೇಕಾಗಲಿಲ್ಲ. 2025ರ ಫೆಬ್ರವರಿಯಲ್ಲಿಯೇ ಮಾನವ ಅವಶೇಷಗಳು ದೊರೆತವು. ಮಾರ್ಚದಲ್ಲಿ ಅವು ಆ ಇಬ್ಬರು ಸ್ತ್ರೀಯರವೇ ಎಂದು ಸಿದ್ಧವಾಯಿತು. ಸೋತ ಪಕ್ಷದ ಮುಖಂಡರು ಆಮೇಲೆ ಶಾಸನಸಭೆಯಲ್ಲಿ ಕ್ಷಮೆ ಕೇಳಿದರು. ಅಸಾಧ್ಯವೆಂದು ಎರಡು ವರ್ಷ ಹೇಳುತ್ತ ಬಂದ ಕಾರ್ಯವು ಮನಸ್ಸು ಮಾಡಿದ ಮೂರು ತಿಂಗಳೊಳಗೆ ಫಲಿಸಿತು.

ಸಪ್ತಸಮುದ್ರಗಳ ಆಚೆಯ ಈ ಸಮಾಚಾರವು ಕನ್ನಡ ಪತ್ರಿಕೆಗೆ ಏತಕ್ಕೆ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಆ ದೇಶದ ಮೂಲನಿವಾಸಿಗಳನ್ನು ಕಾಯದೆಯು ಇಂದಿಗೂ ಕರೆಯುವ ಹೆಸರು 'ಇಂಡಿಯನ್' ಎಂದು! ಇಂಡಿಯಾವನ್ನು ಹುಡುಕುತ್ತ ದಾರಿ ತಪ್ಪಿದ ಪಾಶ್ಚಾತ್ಯ ನಾವಿಕರು ತಮ್ಮ ಪ್ರಮಾದವನ್ನು ಇನ್ನೊಂದು ಜನಾಂಗದ ತಲೆಗೆ ಕಟ್ಟಿಹೋದರು. ಹೆಸರಿನ ಸಂಬಂಧವು ಆಕಸ್ಮಿಕವಾದರೂ ಆಳಿಕೆಯ ಸಂಬಂಧವು ಆಕಸ್ಮಿಕವಲ್ಲ. ಬ್ರಿಟಿಶ್ ಸಾಮ್ರಾಜ್ಯವು 1871ರಲ್ಲಿ ನಮ್ಮಲ್ಲಿ ಕೆಲವು ಜಾತಿಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಸಾರುವ ಕಾಯದೆಯನ್ನು ಹೊರಡಿಸಿತು. ಐದು ವರ್ಷಗಳ ತರುವಾಯ, 1876ರಲ್ಲಿ, ಅದೇ ಸಾಮ್ರಾಜ್ಯದ ಅಂಗವಾದ ಕೆನಡಾ 'ಇಂಡಿಯನ್ ಕಾಯದೆ'ಯನ್ನು ಮಾಡಿತು. ನಮ್ಮಲ್ಲಿಯ ಕಾಯದೆಯು 1952ರಲ್ಲಿ ರದ್ದಾಯಿತು. ಅದರ ಕುರುಹಾಗಿ ಹುಬ್ಬಳ್ಳಿಯಲ್ಲಿ ಸೆಟ್ಲಮೆಂಟ್ ಎಂಬ ಹೆಸರಿನ ವಸತಿಯು ಉಳಿದಿದೆ. ಕೆನಡಾದ ಕಾಯದೆಯು ಅನೇಕ ತಿದ್ದುಪಡಿಗಳನ್ನು ಕಂಡು ಇನ್ನೂ ಜೀವಂತವಾಗಿದೆ.

ಈ ಕಾಯದೆಯ ಒಂದು ಅಂಶವನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ಮೂಲನಿವಾಸಿಯಾದ ಸ್ತ್ರೀಯು ಹೊರಗಿನವನನ್ನು ಲಗ್ನವಾದರೆ ಅವಳು ತನ್ನ ಕುಲದ ಹಕ್ಕನ್ನು ಕಳಕೊಳ್ಳುತ್ತಿದ್ದಳು. ತವರಿನ ನೆಲದಲ್ಲಿ ಮನೆ ಮಾಡಿಕೊಂಡಿರುವ ಅಧಿಕಾರವೂ ಹೋಗುತ್ತಿತ್ತು. ಗಂಡಸು ಹೊರಗಿನವಳನ್ನು ತಂದರೆ ಬಂದವಳಿಗೂ ಹಕ್ಕು ಸಿಕ್ಕುತ್ತಿತ್ತು. ಮಾಲಿಸೀಟ್ ಜನಾಂಗದ ಸಾಂಡ್ರಾ ಲವ್‌ಲೇಸ್ ಎಂಬ ಸ್ತ್ರೀಯು ಸಂಯುಕ್ತ ರಾಷ್ಟ್ರಗಳ ಮಾನವ ಹಕ್ಕುಗಳ ಸಮಿತಿಯವರೆಗೆ ಫಿರ್ಯಾದು ಒಯ್ದು 1981ರಲ್ಲಿ ಗೆದ್ದ ಮೇಲೆ, 1985ರಲ್ಲಿ ಈ ಕಲಮನ್ನು ತಿದ್ದಲಾಯಿತು. ಅದರ ಬಾಲವನ್ನು ಕತ್ತರಿಸುವದಕ್ಕೆ ಮತ್ತೂ ಮೂವತ್ತು ವರ್ಷ ಮೀರಿ ಹಿಡಿಯಿತು. ಇತ್ತ 1 ಲಕ್ಷ 50 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ತಾಯಿತಂದೆಗಳಿಂದ ಅಗಲಿಸಿ ವಸತಿಶಾಲೆಗಳಲ್ಲಿ ಹಾಕಿದರು. ಆ ಶಾಲೆಗಳು ಪೂರ್ಣವಾಗಿ ಮುಚ್ಚಿದ್ದು ಇಪ್ಪತ್ತನೆಯ ಶತಮಾನವು ಮುಗಿಯುತ್ತ ಬಂದಾಗ. ತವರಿಗೂ ಎರವಾಗಿ, ತಾಯ್ನುಡಿಗೂ ಎರವಾಗಿ, ನಗರಗಳ ಬಡಕೇರಿಗಳಿಗೆ ಬಂದು ಬಿದ್ದ ಸ್ತ್ರೀಯು ಕಾಣೆಯಾದರೆ, ಅವಳು ಎಲ್ಲಿಗೋ ಹೋಗಿರಬೇಕು, ನಾಲ್ಕು ದಿನ ಬಿಟ್ಟು ಬಂದಾಳು ಎಂದು ಠಾಣೆಯವರು ಅಂದುಕೊಳ್ಳುತ್ತ ಬಂದರು.

ಎಷ್ಟು ಜನ ಹೀಗೆ ಹೋದರು? ಬಹುಕಾಲ ಇದನ್ನು ಎಣಿಸಿದವರೇ ಇದ್ದಿಲ್ಲ. ಹತಳಾದವಳು ಯಾವ ಜನಾಂಗದವಳೆಂದು ಅನೇಕ ಠಾಣೆಗಳು ಬರೆದಿಡುತ್ತಲೇ ಇದ್ದಿಲ್ಲ. ಕಡೆಗೆ ಮೂಲನಿವಾಸಿ ಸ್ತ್ರೀಯರ ಸಂಘವೇ 2005ರಲ್ಲಿ ಸರಕಾರದ ಹಣ ಪಡೆದು ಎಣಿಕೆಗೆ ಕೈಹಾಕಿತು. ವೃತ್ತಪತ್ರಗಳ ಹಳೆಯ ಸಂಚಿಕೆಗಳನ್ನು ತಿರುವಿ, ನ್ಯಾಯಾಲಯದ ಕಾಗದಗಳನ್ನು ನೋಡಿ, ಮನೆಮನೆಯವರನ್ನು ವಿಚಾರಿಸಿ, 2010ರ ಮಾರ್ಚದವರೆಗೆ 582 ಹೆಸರುಗಳನ್ನು ಅವರು ಕೂಡಿಸಿದರು. ಅದೇ ವರ್ಷ ಸರಕಾರವು ಆ ಕೆಲಸದ ಹಣವನ್ನು ನಿಲ್ಲಿಸಿತು. ನಾಲ್ಕು ವರ್ಷಗಳ ಮೇಲೆ, 2014ರಲ್ಲಿ, ಕೆನಡಾದ ರಾಷ್ಟ್ರೀಯ ಪೋಲೀಸ್ ದಳವು ತಾನೇ ದಫ್ತರಗಳನ್ನು ತೆಗೆದು ನೋಡಿದಾಗ, 1980ರಿಂದ 2012ರವರೆಗೆ 1,017 ಕೊಲೆಗಳೂ 164 ನಾಪತ್ತೆಗಳೂ, ಒಟ್ಟು 1,181, ಹೊರಬಿದ್ದವು. ಬಡ ಸಂಘದವರು ಕೂಡಿಸಿದ್ದರ ಎರಡು ಪಟ್ಟು! ದೇಶದ ಸ್ತ್ರೀಯರಲ್ಲಿ ನೂರಕ್ಕೆ ನಾಲ್ಕರಷ್ಟಿರುವವರು, ಹತರಾದ ಸ್ತ್ರೀಯರಲ್ಲಿ ನೂರಕ್ಕೆ ಹದಿನಾರರಷ್ಟಿದ್ದರು. ಅಂಕಿಗಳು ಸರಕಾರದ ಪೆಟ್ಟಿಗೆಯಲ್ಲಿಯೇ ಇದ್ದವು. ಕೀಲಿ ತೆಗೆಯಲು ಯಾರಿಗೂ ಅವಸರವಿದ್ದಿಲ್ಲವಷ್ಟೆ.

ಬ್ರಿಟಿಶ್ ಕೊಲಂಬಿಯಾ ಪ್ರಾಂತದ ಎರಡು ಪ್ರಕರಣಗಳನ್ನು ನೋಡಿದರೆ ಈ ಉದಾಸೀನದ ಬೆಲೆಯು ತಿಳಿಯುವದು. ವ್ಯಾಂಕೂವರ್ ನಗರದ ಬಡಕೇರಿಯಿಂದ ವರ್ಷಾನುವರ್ಷ ಸ್ತ್ರೀಯರು ಕಾಣೆಯಾಗುತ್ತಿದ್ದರು. ಅವರಲ್ಲಿ ಮೂಲನಿವಾಸಿಗಳೂ ಅನೇಕರಿದ್ದರು. ಹಂದಿ ಸಾಕುವ ರಾಬರ್ಟ್ ಪಿಕ್ಟನ್ ಎಂಬವನ ಕೈಯಿಂದ 1997ರಲ್ಲಿ ಒಬ್ಬ ಸ್ತ್ರೀಯು ಇರಿತಗಳೊಡನೆ ತಪ್ಪಿಸಿಕೊಂಡು ಬಂದಳು. ಅವನ ಮೇಲೆ ಹೂಡಿದ ಖಟ್ಲೆಯನ್ನು ಮರುವರ್ಷ ಕೈಬಿಡಲಾಯಿತು. ಅವನು ಪುನಃ ಸೆರೆಯಾದದ್ದು 2002ರಲ್ಲಿ. ಆಗ ಅವನ ತೋಟದಲ್ಲಿ 33 ಸ್ತ್ರೀಯರ ಕುರುಹುಗಳು ಸಿಕ್ಕವು. ಆರು ಕೊಲೆಗಳಿಗಾಗಿ 2007ರಲ್ಲಿ ಶಿಕ್ಷೆಯಾಯಿತು. ಮಾಜಿ ನ್ಯಾಯಮೂರ್ತಿ ವಾಲಿ ಒಪ್ಪಲ್ ಅವರು ವಿಚಾರಣೆ ಮಾಡಿ 2012ರಲ್ಲಿ ಕೊಟ್ಟ ವರದಿಯು ಪೋಲೀಸರ ತಪ್ಪುಗಳನ್ನು ಒಂದೊಂದಾಗಿ ತೋರಿಸಿತು: ಕಾಣೆಯಾದವರು ಬಡವರೂ ವ್ಯಸನಿಗಳೂ ಆದುದರಿಂದ ಅವರ ಶೋಧಕ್ಕೆ ಮನಸ್ಸೇ ಬರಲಿಲ್ಲವೆಂದು.

ಎರಡನೆಯದು ರಸ್ತೆಯ ಕಥೆ. ಪ್ರಿನ್ಸ್ ಜಾರ್ಜದಿಂದ ಪ್ರಿನ್ಸ್ ರೂಪರ್ಟದವರೆಗೆ ಸುಮಾರು 720 ಕಿಲೋಮೀಟರು, ಅಡವಿಯೊಳಗಿಂದ ಹಾಯ್ದುಹೋಗುವ 16ನೆಯ ಹೆದ್ದಾರಿಗೆ ಜನರು ಇಟ್ಟ ಹೆಸರು 'ಕಣ್ಣೀರಿನ ಹೆದ್ದಾರಿ'. ಊರಿಂದೂರಿಗೆ ಹೋಗುವ ವಾಹನಗಳು ಸಾಕಷ್ಟು ಇದ್ದಿಲ್ಲ. ಬಡ ಹುಡುಗಿಯರು ದವಾಖಾನೆಗೋ ಕೆಲಸಕ್ಕೋ ಹೋಗಬೇಕಾದರೆ ರಸ್ತೆಯಂಚಿನಲ್ಲಿ ನಿಂತು ಬಂದ ಗಾಡಿಗೆ ಕೈ ಮಾಡಬೇಕಾಗುತ್ತಿತ್ತು. ಹಾಗೆ ಹತ್ತಿದವರಲ್ಲಿ ಕೆಲವರು ತಿರುಗಿ ಬರಲಿಲ್ಲ. ಈ ರಸ್ತೆಯ ಮತ್ತು ಇದಕ್ಕೆ ಹೊಂದಿದ ರಸ್ತೆಗಳ 18 ಪ್ರಕರಣಗಳನ್ನು ಪೋಲೀಸರ ವಿಶೇಷ ತಂಡವೊಂದು ಕೈಗೆತ್ತಿಕೊಂಡಿತು. 2006ರಲ್ಲಿ ಕುಲಗಳ ಮುಖಂಡರೂ ಸಂತ್ರಸ್ತ ಕುಟುಂಬಗಳೂ ಸಭೆ ಸೇರಿ 33 ಸೂಚನೆಗಳನ್ನು ಕೊಟ್ಟರು. ಮೊದಲಿನ ಸೂಚನೆಯು ಏನು? ಬಸ್ಸು ಬಿಡಿರಿ ಎಂಬದು. ಇದಕ್ಕೆ ತತ್ತ್ವಜ್ಞಾನಿಗಳು ಬೇಕಾಗಿಲ್ಲ, ಆಯೋಗವೂ ಬೇಕಾಗಿಲ್ಲ. ಒಂದು ಗಾಡಿ, ಒಬ್ಬ ಚಾಲಕ, ಒಂದು ವೇಳಾಪತ್ರಕ. ಆ ಬಸ್ಸುಗಳು ಓಡಿದ್ದು 2017ರಲ್ಲಿ, ಹನ್ನೊಂದು ವರ್ಷಗಳ ತರುವಾಯ. ನಡುವಿನ ಕಾಲದಲ್ಲಿ ಪ್ರಾಂತ ಸರಕಾರವು ಏನು ಮಾಡುತ್ತಿತ್ತೆಂದು ಕೇಳಿದರೆ, ಈ ಹೆದ್ದಾರಿಯ ವಿಷಯವಾಗಿ ತನ್ನ ಕಚೇರಿಯಲ್ಲಿದ್ದ ವಿದ್ಯುನ್ಮಾನ ಪತ್ರಗಳನ್ನು ಅಳಿಸುತ್ತಿತ್ತು! ಇದು ನಮ್ಮ ಕುಹಕವಲ್ಲ. 2015ರಲ್ಲಿ ಆ ಪ್ರಾಂತದ ಮಾಹಿತಿ ಆಯುಕ್ತರೇ ಇದನ್ನು ಬಯಲಿಗೆಳೆದರು, ಪ್ರಮಾಣ ಮಾಡಿ ಸುಳ್ಳು ಹೇಳಿದ ಮಂತ್ರಿಯ ಸಹಾಯಕನಿಗೆ ದಂಡವೂ ಬಿದ್ದಿತು.

ಕೇಂದ್ರ ಸರಕಾರವು ರಾಷ್ಟ್ರೀಯ ವಿಚಾರಣೆಗೆ ಒಪ್ಪಿದ್ದು ಹೇಗೆ? 2014ರ ಆಗಸ್ಟದಲ್ಲಿ ವಿನಿಪೆಗ್ ನಗರದ ರೆಡ್ ನದಿಯಿಂದ ಹದಿನೈದು ವರ್ಷದ ಬಾಲಿಕೆಯೊಬ್ಬಳ ಶವವನ್ನು ಎತ್ತಿದರು. ಅವಳು ಸರಕಾರದ ಮಕ್ಕಳ ರಕ್ಷಣಾ ಇಲಾಖೆಯ ಸುಪರ್ದಿನಲ್ಲಿದ್ದವಳು. ಕಾಣೆಯಾಗಿದ್ದಾಳೆಂಬ ವರ್ದಿಯಿದ್ದಾಗಲೇ ಪೋಲೀಸರು ಅವಳಿದ್ದ ಗಾಡಿಯನ್ನು ತಡೆದು ನೋಡಿ ಬಿಟ್ಟುಕಳಿಸಿದ್ದರು. ದೇಶವೆಲ್ಲ ತಲ್ಲಣಿಸಿತು. ಅಂದಿನ ಪ್ರಧಾನಮಂತ್ರಿ ಸ್ಟೀಫನ್ ಹಾರ್ಪರ್ ಅವರು ಮಾತ್ರ, ಇದನ್ನು ಅಪರಾಧವೆಂದು ನೋಡಬೇಕು, ಸಾಮಾಜಿಕ ವಿದ್ಯಮಾನವೆಂದು ನೋಡಕೂಡದೆಂದು ಹೇಳಿ ವಿಚಾರಣೆಯನ್ನು ಒಲ್ಲೆನೆಂದರು. ಒಂದೇ ಬಗೆಯ ಸ್ತ್ರೀಯರು ಮೂವತ್ತು ವರ್ಷ ಸಾವಿರ ಸಂಖ್ಯೆಯಲ್ಲಿ ಸಾಯುತ್ತ ಬಂದರೆ ಅದು ಸಮಾಜದ ಪ್ರಶ್ನೆಯಲ್ಲವೆ? ಅದು ಅಪರಾಧವೇ ಸರಿಯೆಂದಿಟ್ಟುಕೊಂಡರೂ, ಆ ಬಾಲಿಕೆಯ ಕೊಲೆಯ ಆರೋಪ ಹೊತ್ತವನು 2018ರಲ್ಲಿ ಬಿಡುಗಡೆಯಾದನು. ಶಿಕ್ಷೆಯಾದವರು ಯಾರೂ ಇಲ್ಲ.

2015ರಲ್ಲಿ ಸರಕಾರವು ಬದಲಾಗಿ ಜಸ್ಟಿನ್ ಟ್ರೂಡೋ ಅವರು ಬಂದ ಮೇಲೆ ಆಯೋಗವು ಸಾರಲ್ಪಟ್ಟಿತು. 2016ರ ಸೆಪ್ಟೆಂಬರದಲ್ಲಿ ಕೆಲಸ ಆರಂಭಿಸಿತು. ಕ್ರೀ ಜನಾಂಗದ ಮಾಜಿ ನ್ಯಾಯಾಧೀಶೆ ಮ್ಯಾರಿಯನ್ ಬುಲ್ಲರ್ ಅವರು ಅಧ್ಯಕ್ಷರು. ಆಯೋಗದ ದಾರಿ ಸುಗಮವಾಗಿರಲಿಲ್ಲ. ಒಬ್ಬ ಸದಸ್ಯರು 2017ರಲ್ಲಿ ರಾಜೀನಾಮೆ ಕೊಟ್ಟರು. ಕುಟುಂಬದವರಲ್ಲಿ ಅನೇಕರು ವಿಳಂಬದಿಂದ ಬೇಸತ್ತರು. ಆದರೂ ಎರಡು ಸಾವಿರದ ಮುನ್ನೂರಕ್ಕೂ ಮಿಕ್ಕಿ ಜನರು ಆಯೋಗದ ಕಾರ್ಯದಲ್ಲಿ ಪಾಲುಗೊಂಡರು. ಅವರಲ್ಲಿ ಸಂತ್ರಸ್ತರೂ ಕಳಕೊಂಡವರ ಬಂಧುಗಳೂ ಬಹಳ. 2019ರ ಜೂನ್ 3ರಂದು ಅಂತಿಮ ವರದಿ ಹೊರಬಿದ್ದಿತು. ಅದರಲ್ಲಿ 231 ಬೇಡಿಕೆಗಳು. ಅವುಗಳನ್ನು ಶಿಫಾರಸುಗಳೆಂದು ಕರೆಯದೆ 'ನ್ಯಾಯದ ಕರೆಗಳು' ಎಂದು ಕರೆದರು, ಇವು ಸರಕಾರದ ಇಚ್ಛೆಗೆ ಬಿಟ್ಟವಲ್ಲ, ಕಾಯದೆಯ ಹೊಣೆಗಳು ಎಂದರು. ಇಷ್ಟೇ ಅಲ್ಲ, ನಡೆದುದು ಜನಾಂಗಹತ್ಯೆಯೇ ಸರಿ ಎಂದು ನಿರ್ಭಯವಾಗಿ ಬರೆದರು. ಆ ಶಬ್ದದ ವಿಷಯವಾಗಿ ಕೆನಡಾದಲ್ಲಿ ದೊಡ್ಡ ವಾದವೆದ್ದಿತು. ಒಂದು ಕ್ಷಣದಲ್ಲಿ ಖಡ್ಗದಿಂದ ಮಾಡಿದರೆ ಮಾತ್ರ ಹತ್ಯೆಯೆ? ಕಾಯದೆಯಿಂದಲೂ ಶಾಲೆಯಿಂದಲೂ ಉದಾಸೀನದಿಂದಲೂ ನೂರೈವತ್ತು ವರ್ಷ ಮಾಡಿದರೆ ಅಲ್ಲವೆ? ಪ್ರಧಾನಮಂತ್ರಿಗಳು ಸಮಾರಂಭದ ದಿನ ಆ ಶಬ್ದವನ್ನು ಉಚ್ಚರಿಸದೆ ಹೋದರೂ ಬಳಿಕ ಆಯೋಗದ ನಿರ್ಣಯವನ್ನು ಅಂಗೀಕರಿಸಿದೆವೆಂದು ಹೇಳಿದರು.

ಅಂಗೀಕರಿಸಿದ್ದಾಯಿತು, ಮುಂದೇನು? ಒಂದು ವರ್ಷದಲ್ಲಿ ಬರಬೇಕಾಗಿದ್ದ ಕಾರ್ಯಯೋಜನೆಯು ಎರಡು ವರ್ಷಕ್ಕೆ, 2021ರ ಜೂನ್ 3ರಂದು ಬಂದಿತು. ಆ ವರ್ಷದ ಅಂದಾಜುಪತ್ರಕದಲ್ಲಿ ಐದು ವರ್ಷಗಳ ಸಲುವಾಗಿ 220 ಕೋಟಿ ಡಾಲರುಗಳನ್ನು ತೆಗೆದಿಟ್ಟರು. ಹಣವು ಸಣ್ಣದಲ್ಲ, ಅದನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ 2023ರಲ್ಲಿ ಕೆನಡಾದ ಸಾರ್ವಜನಿಕ ಪ್ರಸಾರ ಸಂಸ್ಥೆಯು 231 ಕರೆಗಳನ್ನೂ ಒಂದೊಂದಾಗಿ ಪರೀಕ್ಷಿಸಿ, ಪೂರ್ಣವಾದವು ಎರಡೇ, ಅರ್ಧಕ್ಕೂ ಹೆಚ್ಚು ಕರೆಗಳ ಕೆಲಸ ಆರಂಭವೇ ಆಗಿಲ್ಲವೆಂದು ಪ್ರಕಟಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ಪಾರ್ಲಿಮೆಂಟು ಇದನ್ನು ರಾಷ್ಟ್ರೀಯ ಆಪತ್ತೆಂದು ಒಕ್ಕೊರಲಿನಿಂದ ಸಾರಿತು. ಮನೆಗೆ ಬೆಂಕಿ ಬಿದ್ದಿದೆಯೆಂದು ಒಕ್ಕೊರಲಿನಿಂದ ಠರಾವು ಮಾಡಿ ಸಭೆ ಮುಗಿಸಿದಂತಾಯಿತು. ಎರಡೇ ತಿಂಗಳಲ್ಲಿ ಮ್ಯಾನಿಟೋಬಾ ಸರಕಾರವು ತಿಪ್ಪೆಯನ್ನು ಅಗೆಯುವದಿಲ್ಲವೆಂದಿತು.

ಸಂಯುಕ್ತ ಸಂಸ್ಥಾನಗಳಲ್ಲಿಯೂ ಇದೇ ರೋಗ. ಲಕ್ಷಣ ಮಾತ್ರ ಬೇರೆ. ಅಲ್ಲಿ ಪೋಲೀಸರಿಗೆ ಮನಸ್ಸಿದ್ದರೂ ಅಧಿಕಾರವಿರುವದಿಲ್ಲ. ಮೂಲನಿವಾಸಿಗಳ ಮೀಸಲು ನೆಲದಲ್ಲಿ ಹೊರಗಿನವನು ಅಪರಾಧ ಮಾಡಿದರೆ ಕುಲದ ನ್ಯಾಯಾಲಯವು ಅವನನ್ನು ವಿಚಾರಿಸಕೂಡದೆಂದು 1978ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಕುಲದ ಪೋಲೀಸರು ಕೇಂದ್ರದವರ ಮುಖ ನೋಡಬೇಕು, ಕೇಂದ್ರದವರು ಸಂಸ್ಥಾನದವರ ಮುಖ ನೋಡಬೇಕು. ಅಷ್ಟರಲ್ಲಿ ಅಪರಾಧಿಯು ಗಡಿ ದಾಟಿರುತ್ತಾನೆ. 2013ರಲ್ಲಿ ಗೃಹಹಿಂಸೆಯ ಮಟ್ಟಿಗೆ, 2022ರಲ್ಲಿ ಅತ್ಯಾಚಾರ ಮುಂತಾದವುಗಳ ಮಟ್ಟಿಗೆ ಈ ಕಟ್ಟನ್ನು ಸಡಿಲಿಸಿದರು. ಕೊಲೆಯು ಇನ್ನೂ ಹೊರಗೇ ಉಳಿಯಿತು. ಎಣಿಕೆಯ ಅವಸ್ಥೆಯಂತೂ ಹೇಳತೀರದು: 2016ರಲ್ಲಿ ಕಾಣೆಯಾದ ಮೂಲನಿವಾಸಿ ಸ್ತ್ರೀಯರ ಬಗ್ಗೆ ಪೋಲೀಸ್ ದಫ್ತರದಲ್ಲಿ 5,712 ವರ್ದಿಗಳಿದ್ದರೆ, ನ್ಯಾಯಖಾತೆಯ ನಾಪತ್ತೆಯಾದವರ ಪಟ್ಟಿಯಲ್ಲಿ ಇದ್ದವು 116. 2020ರಲ್ಲಿ ಎರಡು ಕಾಯದೆಗಳಾದವು. ಅವುಗಳಲ್ಲೊಂದರ ಪ್ರಕಾರ ನೇಮಕವಾದ ಆಯೋಗವು 2023ರ ನವೆಂಬರದಲ್ಲಿ ವರದಿ ಕೊಟ್ಟಿತು. 2025ರ ಆರಂಭದಲ್ಲಿ, ಹೊಸ ಆಡಳಿತವು ಬಂದ ಕೂಡಲೆ, ಆ ವರದಿಯು ನ್ಯಾಯಖಾತೆಯ ಅಂತರ್ಜಾಲ ಪುಟದಿಂದ ಮಾಯವಾಯಿತು. ಕಾಣೆಯಾದವರ ವರದಿಯೇ ಕಾಣೆಯಾದುದು ವಿಧಿಯ ವಿನೋದವಲ್ಲದೆ ಮತ್ತೇನು?

ನಮ್ಮ ದೇಶದ ಠಾಣೆಗಳು ಇದಕ್ಕಿಂತ ಮೇಲೆಂದು ಎದೆ ತಟ್ಟಿಕೊಳ್ಳುವ ಧೈರ್ಯ ನಮಗಿಲ್ಲ. ಮಗಳು ಮನೆಗೆ ಬರಲಿಲ್ಲವೆಂದು ತಂದೆಯು ಹೋದರೆ, ಯಾರ ಸಂಗಡವೋ ಓಡಿಹೋಗಿರಬೇಕು, ನಾಳೆ ಬಾ ಎಂಬ ಉತ್ತರವು ನಮ್ಮ ಊರುಗಳಲ್ಲಿ ಕೇಳದಿರುವದೇನಲ್ಲ. ಗಂಭೀರವಾದ ಅಪರಾಧದ ಸೂಚನೆಯುಳ್ಳ ಫಿರ್ಯಾದನ್ನು ಪೋಲೀಸರು ದಾಖಲಿಸಲೇಬೇಕೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ, ಲಲಿತಾ ಕುಮಾರಿ ಪ್ರಕರಣದಲ್ಲಿ, ಐವರು ನ್ಯಾಯಮೂರ್ತಿಗಳ ಪೀಠದಿಂದ ಹೇಳಬೇಕಾಗಿ ಬಂದುದೇ ಇದಕ್ಕೆ ಸಾಕ್ಷಿ.

ಕೆನಡಾದವರ ಮುಂದೆ ಈಗ ಇರುವ ಕೆಲಸವು ಗುಟ್ಟಿನದಲ್ಲ. ಕುಟುಂಬಗಳ ದೂರುಗಳನ್ನು ಕೇಳಿ ಸರಕಾರವನ್ನೇ ಹೊಣೆಗೆ ಹಿಡಿಯಬಲ್ಲ ಸ್ವತಂತ್ರ ಅಧಿಕಾರಿಯೂ ನ್ಯಾಯಮಂಡಳಿಯೂ ಬೇಕೆಂದು ಆಯೋಗವು ಕೇಳಿತ್ತು. ಅದಕ್ಕೆ ಉತ್ತರವಾಗಿ ಸರಕಾರವು 2023ರಲ್ಲಿ, ಹಾಗೆ ಮಾಡುವದು ಹೇಗೆಂದು ಸಲಹೆ ಕೊಡಲು ಒಬ್ಬ ಪ್ರತಿನಿಧಿಯನ್ನು ನೇಮಿಸಿತು. ಮೂಲನಿವಾಸಿ ಸ್ತ್ರೀಯೊಬ್ಬಳು ಕಾಣೆಯಾದ ಕೂಡಲೆ ಎಲ್ಲರ ದೂರವಾಣಿಗೂ ಸುದ್ದಿ ಮುಟ್ಟಿಸುವ ಏರ್ಪಾಡಿಗೆ 2024ರ ಅಕ್ಟೋಬರದಲ್ಲಿ 13 ಲಕ್ಷ ಡಾಲರು ಮಂಜೂರಾಗಿ, ಮೊದಲ ಪ್ರಯೋಗಕ್ಕೆ ಮ್ಯಾನಿಟೋಬಾವನ್ನೇ ಆಯ್ದರು. ಮರಗಳಿಗೂ ಕಂಬಗಳಿಗೂ ಬರಿದಾದ ಕೆಂಪು ಉಡುಪುಗಳನ್ನು ತೂಗಹಾಕಿ, ಉಟ್ಟುಕೊಳ್ಳುವವಳು ಎಲ್ಲಿ ಎಂದು ಕೇಳುವ ಪದ್ಧತಿಯನ್ನು ಜೇಮೀ ಬ್ಲ್ಯಾಕ್ ಎಂಬ ಕಲಾವಿದೆಯು 2010ರಲ್ಲಿ ಹಾಕಿಕೊಟ್ಟಳು. ಆ ಏರ್ಪಾಡಿಗೆ ಕೆಂಪು ಉಡುಪಿನ ಹೆಸರನ್ನೇ ಇಟ್ಟಿದ್ದಾರೆ. ವಿನಿಪೆಗ್ ಕೊಲೆಗಳಲ್ಲಿ ನಾಲ್ಕನೆಯವಳು ಯಾರೆಂದು ಮೂರು ವರ್ಷ ಯಾರಿಗೂ ತಿಳಿದಿದ್ದಿಲ್ಲ. ಕುಲದ ಹಿರಿಯ ಅಜ್ಜಿಯರು ಅವಳಿಗೆ ಮಶ್ಕೊಡೆ ಬಿಜಿಕಿಇಕ್ವೆ, ಎಂದರೆ ಕಾಡೆಮ್ಮೆಯ ಸ್ತ್ರೀ, ಎಂದು ಹೆಸರಿಟ್ಟು ಶೋಕಿಸುತ್ತಿದ್ದರು. 2025ರ ಮಾರ್ಚದಲ್ಲಿ ಅವಳ ಗುರುತು ಹತ್ತಿತು. ಅವಳ ಹೆಸರೂ ಊರೂ ತಿಳಿದವು. ಅವಳ ಸಲುವಾಗಿ ಬ್ರೇಡಿ ರೋಡ್ ತಿಪ್ಪೆಯನ್ನು ಅಗೆಯಿಸುವೆವೆಂದು ಪ್ರಾಂತದ ಮುಖ್ಯಮಂತ್ರಿಗಳು ಆಗಲೇ ಮಾತು ಕೊಟ್ಟರು. ಈ ಸಾರೆ ಅಸಾಧ್ಯವೆಂಬ ಶಬ್ದವನ್ನು ಯಾರೂ ಎತ್ತಲಿಲ್ಲ.